“ಹತ್ತು ಫೀಲ್ಡೂ ಎಣಿಸಿದೆ, ಮೇಡಂ”

(ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಬಂದವರೊಬ್ಬರ ಕತೆ ಇದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಹಾಸನದ ಕಡೆಯವರು, ವಯಸ್ಸು 38. ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಬಂದು ಕೂತವರೇ ಕೇಳಿದರು: “ನಮ್ಮನ್ನ ಯಾರೂ ಬೇಕು ಅಂತ ಮಾಡಿದ್ದಲ್ಲ ಅಂದ್ಮೇಲೆ ಇದೆಲ್ಲ ಯಾಕೆ ಮೇಡಂ?”

ಐದನೇ ಕ್ಲಾಸಿನ ಮಗ ಒಂದು ರಾತ್ರಿ “ಅಮ್ಮಾ, ದೇವರನ್ನ ಯಾರು ಮಾಡಿದ್ದು?” ಅಂದನಂತೆ. ಉತ್ತರ ಹುಡುಕುತ್ತ ಇವರು ಮೊಬೈಲಿನಲ್ಲಿ ವಿಡಿಯೊ ನೋಡತೊಡಗಿದರು. ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ. ಇನ್ನು 500 ಕೋಟಿ ವರ್ಷದ ಹೊತ್ತಿಗೆ ಸೂರ್ಯ ಉಬ್ಬಿ, ಆಮೇಲೆ ಆರಿಹೋಗುತ್ತಾನೆ. ನೋಡನೋಡುತ್ತ ನಂಬಿಕೆ ಹೋಯಿತು. ದೇವರ ಮನೆಗೆ ಕಾಲಿಡುವುದು ಬಿಟ್ಟರು. ಊಟ ಸೇರದು, ನಿದ್ದೆ ಹತ್ತದು.

ಇಂಥ ಮಾತು ಬಂದಾಗ “ದೇವರ ಮೇಲೆ ಭಾರ ಹಾಕಿ” ಎಂದು ಕಳಿಸಿಬಿಡುವುದು ಸುಲಭ. “ಇದೆಲ್ಲ ಖಿನ್ನತೆ” ಎಂದು ಪ್ರಶ್ನೆಯನ್ನೇ ಪಕ್ಕಕ್ಕಿಡುವುದೂ ಸುಲಭ. ಎರಡೂ ಆ ಮನುಷ್ಯರಿಗೆ ಮಾಡುವ ಅನ್ಯಾಯ ಎಂದೇ ನಾನು ನಂಬಿದ್ದೇನೆ. ನಾನು ದಿನಾ ದೀಪ ಹಚ್ಚುವವಳು; ಆದರೆ ಅದು ಅವರ ಮುಂದೆ ಇಡಬೇಕಾದ ವಿಷಯವಲ್ಲ.

ಮೊದಲು ಖಿನ್ನತೆ ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯು-9ರ ಒಂಬತ್ತು ಪ್ರಶ್ನೆ ಕೇಳಿದೆ. ಅಂಕ 12 ಬಂತು. 10ರಿಂದ 14 ಎಂದರೆ ಮಧ್ಯಮ ಪ್ರಮಾಣದ ಖಿನ್ನತೆಯ ಲಕ್ಷಣ. ಸಾವಿನ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. “ಸಾಯ್ಬೇಕು ಅನ್ಸಲ್ಲ. ಬೆಳಿಗ್ಗೆ ಏಳ್ಬೇಕು ಅಂತಾನೂ ಅನ್ಸಲ್ಲ.” ಹಾಗೇನಾದರೂ ಅನ್ನಿಸಿದರೆ ಹೊತ್ತುಗೊತ್ತು ನೋಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ ಎಂದು ಹೇಳಿ, ಗಂಡನಿಗೂ ತಿಳಿಸಲು ಒಪ್ಪಿಸಿದೆ. ರಕ್ತ ಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸಿ ಎಂದೆ. ದಿನಕ್ಕೆ ಎಷ್ಟೋ ಜನರ ರಕ್ತ ನೋಡುವವರು ತಮ್ಮದನ್ನು ನೋಡಿಕೊಂಡು ಮೂರು ವರ್ಷವಾಗಿತ್ತು. ಹಿಮೋಗ್ಲೋಬಿನ್ 9.2. ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟರು.

ಎರಡನೇ ಸಲ ಬಂದಾಗ ಪ್ರಶ್ನೆಗೇ ಕೈಹಾಕಿದೆವು. ಒಬ್ಬ ಸೃಷ್ಟಿಕರ್ತ ಇದ್ದು, ಯಾವುದೋ ಉದ್ದೇಶಕ್ಕೆ ನಮ್ಮನ್ನು ಮಾಡಿದ್ದಾನೆ ಅನ್ನೋಣ. ಆ ಉದ್ದೇಶ ನಮ್ಮದಾಗುವುದು ಹೇಗೆ? ಮಗ ಹುಟ್ಟುವ ಮೊದಲೇ ಅವನು ಡಾಕ್ಟರಾಗಬೇಕು ಎಂದು ತೀರ್ಮಾನಿಸಿದ ಅಪ್ಪಂದಿರನ್ನು ಈ ಕೋಣೆಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಉದ್ದೇಶ ಸ್ಪಷ್ಟವಾಗಿಯೇ ಇರುತ್ತದೆ, ಆದರೂ ಆ ಹುಡುಗ ಬದುಕು ಬರಿದು ಎಂದು ಅಳುತ್ತಿರುತ್ತಾನೆ.

ಅವರು ಶಾಲೆಯ ಪ್ರವಾಸದಲ್ಲಿ ಶ್ರವಣಬೆಳಗೊಳದ ಬೆಟ್ಟ ಹತ್ತಿದವರು. ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯ ಮಾಡಿಸಿದ ಆ 57 ಅಡಿಯ ಗೊಮ್ಮಟನ ಹಿಂದಿರುವ ಜೈನ ಮತ ಲೋಕಕ್ಕೆ ಸೃಷ್ಟಿಕರ್ತನನ್ನು ಒಪ್ಪುವುದಿಲ್ಲ. ಲೋಕ ಅನಾದಿ ಎನ್ನುತ್ತದೆ. ಹಾಗಂತ ಜೈನರು ಬದುಕು ಹೇಗೆ ಬೇಕಾದರೂ ಸಾಗಲಿ ಎಂದು ಕೈಬಿಡಲಿಲ್ಲ. ಇರುವೆಗೂ ನೋವಾಗದಂತೆ ನಡೆಯಲು ನೋಡಿದರು. ವೇದವನ್ನು ಒಪ್ಪುವ ಮೀಮಾಂಸಕರೂ ಸೃಷ್ಟಿಕರ್ತ ಬೇಕೆನ್ನಲಿಲ್ಲ. ಇದನ್ನು ಕೇಳಿ ಅವರು ತುಂಬ ಹೊತ್ತು ಸುಮ್ಮನಿದ್ದರು. “ಹಾಗಾದ್ರೆ ನಾನೊಬ್ಳೇ ಅಲ್ಲ,” ಅಂದರು.

ಆಮೇಲೆ ಹಿಂದಿನ ವಾರದ ರಾತ್ರಿ ಪಾಳಿಯ ಬಗ್ಗೆ ಕೇಳಿದೆ. ಜ್ವರದ ಮಗುವೊಂದರ ಸ್ಯಾಂಪಲ್ ಬಂದಿತ್ತಂತೆ. ಮಷೀನು ಪ್ಲೇಟ್‌ಲೆಟ್ 38 ಸಾವಿರ ತೋರಿಸಿತು. ಪ್ಲೇಟ್‌ಲೆಟ್ ಗುಂಪುಗಟ್ಟಿದ್ದರೆ ಮಷೀನು ಕಮ್ಮಿ ಎಣಿಸುತ್ತದೆ. ಅದಕ್ಕೆ ಇವರು ಸ್ಲೈಡ್ ಮಾಡಿ, ಎಣ್ಣೆಯ ಹನಿ ಬಿಟ್ಟು ಮೈಕ್ರೊಸ್ಕೋಪಿನಲ್ಲಿ ನೋಡಿದ್ದಾರೆ. ಮೈಕ್ರೊಸ್ಕೋಪಿನಲ್ಲಿ ಒಂದು ಸಲಕ್ಕೆ ಕಾಣುವಷ್ಟು ಜಾಗಕ್ಕೆ ಫೀಲ್ಡ್ ಅನ್ನುತ್ತಾರೆ. ಸ್ಲೈಡಿನ ಮೇಲೆ ಹರಡಿದ ರಕ್ತದ ಅಂಚಿನಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಕೂತಿದ್ದವು. ಹೊಸ ಸ್ಯಾಂಪಲ್ ತೆಗೆದು ನೋಡಿದರೆ ಲಕ್ಷದ ಮೇಲಿತ್ತು. ಮಗುವನ್ನು ರಾತ್ರೋರಾತ್ರಿ ದೊಡ್ಡಾಸ್ಪತ್ರೆಗೆ ಸಾಗಿಸುವುದು ತಪ್ಪಿತು.

“ಎಷ್ಟು ಫೀಲ್ಡ್ ನೋಡಿದ್ರಿ?”

“ಹತ್ತು ಫೀಲ್ಡೂ ಎಣಿಸಿದೆ, ಮೇಡಂ.”

“ಐದು ನೋಡಿ ಬರೆದಿದ್ರೆ ಯಾರಿಗೆ ಗೊತ್ತಾಗ್ತಿತ್ತು?”

“ಯಾರಿಗೂ ಇಲ್ಲ.”

“ಮತ್ತೆ?”

“ಅವರಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ಲು.”

ಒಂದು ನಿಮಿಷ ಬಿಟ್ಟು ಅವರೇ ತಕರಾರು ತೆಗೆದರು: ನೂರಿಪ್ಪತ್ತು ವರ್ಷಕ್ಕೆ ಆ ಮಗುವೂ ಇರಲ್ಲವಲ್ಲ? ಇರುವುದಿಲ್ಲ, ನಿಜ. ಆದರೆ ಆವತ್ತು ಬೆಂಚಿನ ಮೇಲೆ ಕೂತವಳ ಎದೆ ಹಗುರಾಯಿತಲ್ಲ, ಅದನ್ನು 500 ಕೋಟಿ ವರ್ಷದ ಲೆಕ್ಕ ಹೇಗೆ ಅಳಿಸೀತು? ಅಷ್ಟು ದೂರದ ಕಾಲಕ್ಕೆ ನಾವು ಲೆಕ್ಕಕ್ಕಿಲ್ಲ ಎಂದಾದರೆ, ಆ ಕಾಲವೂ ಆ ಬೆಂಚಿನ ಲೆಕ್ಕಕ್ಕೆ ಬರುವುದಿಲ್ಲ.

ಮಾತಾಡುತ್ತ ಇನ್ನೊಂದು ಸಂಗತಿ ಹೊರಬಿತ್ತು. ಹದಿನಾಲ್ಕು ತಿಂಗಳ ಹಿಂದೆ ಅವರ ತಾಯಿ ತೀರಿಕೊಂಡಿದ್ದರು. ದಿನಾ ರಾತ್ರಿ ಎಂಟೂವರೆಗೆ ಫೋನ್ ಮಾಡಿ “ಇವತ್ತು ಎಷ್ಟು ಜನಕ್ಕೆ ಚುಚ್ಚಿದೆ ಮಗಾ?” ಎಂದು ಕೇಳುತ್ತಿದ್ದರಂತೆ. ಹೇಳಿದವರಿಗೆ ಅಳು ತಡೆಯಲಾಗಲಿಲ್ಲ. ನನಗನ್ನಿಸಿದ್ದು: ಇವರು ಕಳೆದುಕೊಂಡದ್ದು ಲೋಕ ಮಾಡಿದವನಿಗಿಂತ ಹೆಚ್ಚಾಗಿ, ದಿನದ ಬದುಕನ್ನು ಕೇಳಿಸಿಕೊಳ್ಳುವವರನ್ನು. ಚಿಕ್ಕಂದಿನಿಂದ “ದೇವರು ನೋಡ್ತಾನೆ” ಎಂದು ಬೆಳೆದವರಿಗೆ ಅಮ್ಮ ಹೋದ ಮೇಲೆ ನೋಡುವವರೇ ಇಲ್ಲವಾಗಿದ್ದರು.

ಸಲಹೆ ಇಷ್ಟೇ ಕೊಟ್ಟೆ. ರಾತ್ರಿ ಹತ್ತರ ಮೇಲೆ ಆ ವಿಡಿಯೊ ಬೇಡ, ಯೋಚನೆ ಹಗಲಿಗಿರಲಿ. ಎಂಟೂವರೆಗೆ ದಿನದ ಒಂದು ಸಂಗತಿಯನ್ನು ಮನೆಯಲ್ಲಿ ಯಾರಿಗಾದರೂ ಹೇಳಿ. ತಾಯಿಯ ತಿಥಿಯ ದಿನ ನಂಬಿಕೆಯ ವಾದ ಬದಿಗಿಟ್ಟು ಅವರ ಕೈಯ ಅಡುಗೆ ಮಾಡಿ ನಾಲ್ಕು ಜನಕ್ಕೆ ಬಡಿಸಿ. ಮಗನಿಗೆ ಸುಳ್ಳು ಹೇಳಬೇಡಿ: “ಅಪ್ಪ ನಂಬ್ತಾರೆ, ನಂಗೆ ಗೊತ್ತಿಲ್ಲ ಕಣೋ, ನೀನೂ ಯೋಚನೆ ಮಾಡು” ಅಂದರೆ ಸಾಕು. ಗಂಡನಿಗೂ ಹೇಳಿದೆ, ಪೂಜೆಗೆ ಬಾ ಎಂದು ಒತ್ತಾಯ ಬೇಡ.

ನಾಲ್ಕನೇ ಭೇಟಿಯಲ್ಲಿ ಅಂಕ 6ಕ್ಕೆ ಇಳಿದಿತ್ತು. ದೇವರ ಮನೆಗೆ ಈಗಲೂ ಹೋಗುತ್ತಿಲ್ಲ. ದೀಪ ಗಂಡ ಹಚ್ಚುತ್ತಾರೆ. ಎಂಟೂವರೆಯ ಹೊತ್ತಿಗೆ ಮಗ ಪುಸ್ತಕ ಮುಚ್ಚಿ ಪಕ್ಕಕ್ಕೆ ಬಂದು ಕೂರುತ್ತಾನಂತೆ, “ಇವತ್ತು ಎಷ್ಟು ಜನಕ್ಕೆ ಚುಚ್ಚಿದೆ ಅಮ್ಮಾ?” ಎಂದು.