ಓದುಗರ ಪ್ರಶ್ನೆ: ಸತ್ತವರ ಪಟ್ಟಿಗೂ ಶಿಫಾರಸು ಬೇಕಾ?

ಆಸ್ಕರ್ ಸಮಾರಂಭದಲ್ಲಿ ಆ ವರ್ಷ ತೀರಿಕೊಂಡವರನ್ನು ನೆನೆಯುವ ‘ಇನ್ ಮೆಮೋರಿಯಂ’ ಬಗ್ಗೆ ಬಂದ ಪತ್ರಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಸಿಟ್ಟು ಎಲ್ಲರಿಗೂ ಇದೆ, ಕಾರಣ ಮಾತ್ರ ಬೇರೆ ಬೇರೆ.

2022ರ ಆಸ್ಕರ್‌ನಲ್ಲಿ ಲತಾ ಮಂಗೇಶ್ಕರ್ ಹೆಸರೂ ಇರಲಿಲ್ಲ, ದಿಲೀಪ್ ಕುಮಾರ್ ಹೆಸರೂ ಇರಲಿಲ್ಲ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಬೇಕಂತಲೇ ಮಾಡಿದ್ದಲ್ವಾ?
— ಧಾರವಾಡದ ಓದುಗರು

ಬೇಕಂತಲೇ ಅಂತ ನನಗೆ ಅನ್ನಿಸುವುದಿಲ್ಲ. ಹಾಗಂತ ಮರೆತುಹೋಯಿತು ಅನ್ನುವ ಸಬೂಬನ್ನೂ ನಾನು ಒಪ್ಪುವುದಿಲ್ಲ. ದಿಲೀಪ್ ಕುಮಾರ್ ತೀರಿಕೊಂಡಿದ್ದು 2021ರ ಜುಲೈ 7ಕ್ಕೆ, ಲತಾ 2022ರ ಫೆಬ್ರವರಿ 6ಕ್ಕೆ, ಸಮಾರಂಭ ನಡೆದಿದ್ದು ಮಾರ್ಚ್ 27ಕ್ಕೆ. ಟೈಮ್ ಬೇಕಾದಷ್ಟಿತ್ತು. ಶ್ರೀದೇವಿ ವಿಷಯ ನೋಡಿ, 2018ರ ಫೆಬ್ರವರಿ 24ರಂದು ದುಬೈನಲ್ಲಿ ಹೋದರು, ಮಾರ್ಚ್ 4ರ ಸಮಾರಂಭದಲ್ಲಿ ಅವರ ಫೋಟೊ ಇತ್ತು. ಅದೇ ವರ್ಷ ಶಶಿ ಕಪೂರ್ ಇದ್ದರು. 2021ರಲ್ಲಿ ಇರ್ಫಾನ್ ಖಾನ್ ಮತ್ತು ಭಾನು ಅಥೈಯಾ ಇದ್ದರು. ಹಾಗಾಗಿ ಭಾರತದವರು ಅವರ ಕಣ್ಣಿಗೇ ಬೀಳುವುದಿಲ್ಲ ಅನ್ನೋಕೆ ಆಗಲ್ಲ.

ಈಗ ಈ ನಾಲ್ವರನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇರ್ಫಾನ್ ಹಾಲಿವುಡ್ ಸಿನಿಮಾಗಳಲ್ಲೂ ನಟಿಸಿದವರು. ಶಶಿ ಕಪೂರ್ ಇಸ್ಮಾಯಿಲ್ ಮರ್ಚೆಂಟ್, ಜೇಮ್ಸ್ ಐವರಿ ಜೋಡಿಯ ಇಂಗ್ಲಿಷ್ ಚಿತ್ರಗಳಿಂದ ಅಲ್ಲಿಯವರಿಗೆ ಗೊತ್ತಿದ್ದ ಮುಖ. ಭಾನು ಅಥೈಯಾ ‘ಗಾಂಧಿ’ ಚಿತ್ರದ ಉಡುಪುಗಳಿಗಾಗಿ ಆಸ್ಕರ್ ಗೆದ್ದ ಮೊದಲ ಭಾರತೀಯರು, ತಮ್ಮ ನಂತರ ಪ್ರತಿಮೆ ಜೋಪಾನವಾಗಿ ಉಳಿಯಲಿ ಅಂತ 2012ರಲ್ಲಿ ಅದನ್ನು ಆಸ್ಕರ್ ಕೊಡುವ ಅಕಾಡೆಮಿಗೇ ವಾಪಸ್ ಒಪ್ಪಿಸಿದ್ದವರು. ಅಂದರೆ ಮೂವರಿಗೂ ಆ ಕಡೆ ಒಂದು ನಂಟಿತ್ತು. ಶ್ರೀದೇವಿಗೆ ಅಂಥದ್ದಿರಲಿಲ್ಲ, ಆದರೆ ಅವರ ಸಾವು ಆ ವಾರ ಹೊರದೇಶದ ಪೇಪರುಗಳಲ್ಲೂ ದೊಡ್ಡ ಸುದ್ದಿ. ದಿಲೀಪ್ ಕುಮಾರ್‌ಗೆ ಇದ್ಯಾವುದೂ ಇರಲಿಲ್ಲ. ನಿರ್ದೇಶಕ ಡೇವಿಡ್ ಲೀನ್ ‘ಲಾರೆನ್ಸ್ ಆಫ್ ಅರೇಬಿಯಾ’ದ ಒಂದು ಪಾತ್ರಕ್ಕೆ ಕರೆದಾಗ ಅವರು ಒಲ್ಲೆ ಅಂದರು, ಅದು ಒಮರ್ ಶರೀಫ್ ಪಾಲಾಯಿತು ಅನ್ನುವ ಮಾತು ಹಿಂದಿ ಚಿತ್ರರಂಗದಲ್ಲಿ ಬಹಳ ಹಳೆಯದು. ಅದು ನಿಜವಾದರೆ, ಅವತ್ತು ಹೂಂ ಅಂದಿದ್ದರೆ 2022ರಲ್ಲಿ ಫೋಟೊ ಬರುತ್ತಿತ್ತು ಅಂತ ಕಣ್ಣು ಮುಚ್ಚಿ ಹೇಳಬಹುದು.

ಲತಾ ಅವರದು ಬೇರೆ ಕಥೆ. ಆಸ್ಕರ್‌ನಲ್ಲಿ ಹಾಡಿಗೆ ಪ್ರಶಸ್ತಿ ಇದೆ, ಹಾಡಿದವರಿಗೆ ಇಲ್ಲ. 2023ರಲ್ಲಿ ‘ನಾಟು ನಾಟು’ ಗೆದ್ದಾಗ ರಾಹುಲ್ ಸಿಪ್ಲಿಗಂಜ್, ಕಾಲಭೈರವ ಇಬ್ಬರೂ ಅದೇ ವೇದಿಕೆ ಮೇಲೆ ಹಾಡಿದರು, ಆದರೆ ಪ್ರತಿಮೆ ಹೋಗಿದ್ದು ಕೀರವಾಣಿ ಮತ್ತು ಚಂದ್ರಬೋಸ್ ಅವರಿಗೆ. ಅಲ್ಲಿ ಸಂಗೀತ ಮಾಡುವವರಿಗೆ, ಹಾಡು ಬರೆಯುವವರಿಗೆ ಒಂದು ವಿಭಾಗ ಇದೆ. ಹಿನ್ನೆಲೆ ಗಾಯನ ಅನ್ನುವ ಕಸುಬಿಗೆ ಅಂತ ಪ್ರತ್ಯೇಕ ಜಾಗವೇ ಇಲ್ಲ. ನಮಗೆ ಅದು ವಿಚಿತ್ರ. ನಮ್ಮಲ್ಲಿ ಸಿನಿಮಾ ಮರೆತು ಹಾಡು ನೆನಪಿಟ್ಟುಕೊಳ್ಳುವವರೇ ಜಾಸ್ತಿ. 1967ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ನೋಡಿಲ್ಲದವರೂ ಲತಾ ಹಾಡಿದ ‘ಬೆಳ್ಳನೆ ಬೆಳಗಾಯಿತು’ ಕೇಳಿರುತ್ತಾರೆ.

ಇಷ್ಟೇ ಆಗಿದ್ದರೆ ನಾನು ಅಕಾಡೆಮಿಯವರನ್ನು ಅರ್ಧ ಕ್ಷಮಿಸುತ್ತಿದ್ದೆ. ಆದರೆ ಒಂದೇ ವಾರಕ್ಕೆ, ಏಪ್ರಿಲ್ 3ಕ್ಕೆ ಗ್ರ್ಯಾಮಿ ಬಂತು. ಅದು ಪೂರ್ತಿ ಸಂಗೀತದವರದೇ ಹಬ್ಬ. ಅಲ್ಲಿಯ ಟಿವಿ ಶ್ರದ್ಧಾಂಜಲಿಯಲ್ಲೂ ಲತಾ ಇಲ್ಲ, ಬಪ್ಪಿ ಲಾಹಿರಿಯೂ ಇಲ್ಲ! ಅದಕ್ಕೆ ಯಾವ ವಿಭಾಗದ ನೆಪ ಹೇಳುತ್ತಾರೆ? ಬ್ರಿಟನ್ನಿನ ಸಿನಿಮಾ ಪ್ರಶಸ್ತಿ ಕೊಡುವ ಲಂಡನ್ನಿನ ಬಾಫ್ತಾದವರು ಮಾತ್ರ ಅದೇ ಮಾರ್ಚ್‌ನಲ್ಲಿ ಲತಾ ಅವರನ್ನು ನೆನೆದರು. ಸಮಾರಂಭ ನಡೆದಿದ್ದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, 1974ರಲ್ಲಿ ಲತಾ ಹಾಡಿದ ಅದೇ ಹಾಲ್‌ನಲ್ಲಿ.

ಪಟ್ಟಿ ಮಾಡುವವರು ಯಾರು ಸ್ವಾಮಿ? ಮನೆಯವರು ಫೋನ್ ಮಾಡಿ ಹೇಳಿದರೆ ಹಾಕ್ತಾರಾ?
— ಮೈಸೂರಿನ ಓದುಗರು

ನೀವು ತಮಾಷೆಗೆ ಕೇಳಿದ್ದೀರಿ, ಆದರೆ ನಡೆಯೋದು ಹೆಚ್ಚುಕಮ್ಮಿ ಹಾಗೇ. ಅಕಾಡೆಮಿಯೇ ಹೇಳಿರುವ ಪ್ರಕಾರ ಪ್ರತಿ ವರ್ಷ ನೂರಾರು ಮನವಿಗಳು ಬರುತ್ತವೆ, ಮನೆಯವರಿಂದ, ಜೊತೆಗೆ ಕೆಲಸ ಮಾಡಿದವರಿಂದ. ಎಲ್ಲ ವಿಭಾಗಗಳ ಪ್ರತಿನಿಧಿಗಳಿರುವ ಒಂದು ಸಮಿತಿ ಕೂತು, ಟಿವಿಯಲ್ಲಿ ಸಿಗುವ ಸಮಯ ನೋಡಿಕೊಂಡು ಆರಿಸುತ್ತದೆ. ಉಳಿದವರು ವೆಬ್‌ಸೈಟಿಗೆ ಹೋಗುತ್ತಾರೆ.

ಇದರಲ್ಲಿ ಎರಡು ಎಡವಟ್ಟಿದೆ. ಮೊದಲನೆಯದು ನಿಮಗೇ ಹೊಳೆದಿರುತ್ತದೆ, ಕೇಳುವವರು ಇಲ್ಲದವನ ಹೆಸರು ಮೇಜಿನ ಮೇಲೆ ಬರುವುದೇ ಕಷ್ಟ. ಎರಡನೆಯದು, ಸಮಿತಿಯಲ್ಲಿ ಸಂಕಲನದವರಿದ್ದಾರೆ, ಮೇಕಪ್‌ನವರಿದ್ದಾರೆ, ಶಬ್ದದವರಿದ್ದಾರೆ, ಸ್ಟುಡಿಯೋ ಅಧಿಕಾರಿಗಳೂ ಇದ್ದಾರೆ, ಎಲ್ಲರಿಗೂ ತಮ್ಮವರು ಬೇಕು. ಟಿವಿ ಮುಂದೆ ಕೂತವರು ‘ಇವರ್ಯಾರೋ ಆಫೀಸರ್ ಅಂತೆ, ಅವರನ್ನು ಹಾಕಿದಾರೆ, ಆ ಹೀರೊನ ಬಿಟ್ಟಿದಾರೆ’ ಅಂತ ಬೈಯುವುದು ಇದಕ್ಕೇ. ನಾನು ಇದರಲ್ಲಿ ಮೇಕಪ್‌ನವರ ಪರ. ಹೀರೊನ ಫೋಟೊ ಅವತ್ತು ನೂರು ಕಡೆ ಬಂದಿರುತ್ತದೆ, ಸಂಕಲನಕಾರರ ಮುಖ ಜನ ನೋಡುವುದು ಅದೊಂದೇ ಸಲ. ಆದರೆ ಅಧಿಕಾರಿಗಳ ಪರ ಮಾತ್ರ ನಾನಿಲ್ಲ, ಅವರು ಬದುಕಿದ್ದಾಗಲೇ ಬೇಕಾದಷ್ಟು ಕಾಣಿಸಿಕೊಂಡಿರುತ್ತಾರೆ.

ಇನ್ನು ಫೈಟ್ ಮಾಡುವವರು, ಎತ್ತರದಿಂದ ಬೀಳುವವರು. ಅವರಿಗೆ ಇಷ್ಟು ವರ್ಷ ಆಸ್ಕರ್ ಪ್ರಶಸ್ತಿಯೇ ಇರಲಿಲ್ಲ. 2025ರಲ್ಲಿ ಕೊನೆಗೂ ಘೋಷಣೆಯಾಯಿತು, 2027ರಲ್ಲಿ ಬಿಡುಗಡೆಯಾಗುವ ಸಿನಿಮಾಗಳಿಂದ ಶುರು.

ಟಿವಿ ನಟರನ್ನು ಆಸ್ಕರ್‌ನವರು ಸೇರಿಸುವುದಿಲ್ಲ ಅಂತ ನನ್ನ ಮಗ ವಾದ ಮಾಡುತ್ತಾನೆ. ಹಾಗೇನಾದರೂ ನಿಯಮ ಇದೆಯಾ?
— ತುಮಕೂರಿನ ಓದುಗರು

ನಿಯಮ ಅನ್ನೋದಕ್ಕಿಂತ ಬೇಕಾದಾಗ ತೆಗೆದುಕೊಳ್ಳುವ ನೆಪ ಅನ್ನಬಹುದು. ನಟಿ ಫರ್ರಾ ಫಾಸೆಟ್ ಮತ್ತು ಮೈಕೆಲ್ ಜಾಕ್ಸನ್ ಇಬ್ಬರೂ ತೀರಿಕೊಂಡಿದ್ದು ಒಂದೇ ದಿನ, 2009ರ ಜೂನ್ 25. ಮರುವರ್ಷ ಆಸ್ಕರ್‌ನಲ್ಲಿ ಜಾಕ್ಸನ್ ಇದ್ದರು, ಫಾಸೆಟ್ ಇರಲಿಲ್ಲ. ಕೇಳಿದ್ದಕ್ಕೆ ಅಕಾಡೆಮಿಯ ಬ್ರೂಸ್ ಡೇವಿಸ್, ಅವರು ಹೆಚ್ಚು ಹೆಸರು ಮಾಡಿದ್ದು ಟಿವಿಯಲ್ಲಿ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟರು. ಸರಿ, ಜಾಕ್ಸನ್ ಹೆಸರು ಮಾಡಿದ್ದು ಎಲ್ಲಿ? ಅವರ ಕೊನೆಯ ತಾಲೀಮುಗಳ ಸಿನಿಮಾ ಆಗಷ್ಟೇ ಥಿಯೇಟರಿಗೆ ಬಂದು ಚೆನ್ನಾಗಿ ಓಡಿತ್ತು, ಅಷ್ಟೇ. ಫಾಸೆಟ್ ಸಿನಿಮಾಗಳಲ್ಲೂ ನಟಿಸಿದ್ದರು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ.

ಅದೇ ಅಕಾಡೆಮಿ 2022ರಲ್ಲಿ, ವಿಲ್ ಸ್ಮಿತ್ ವೇದಿಕೆಯಲ್ಲೇ ಕ್ರಿಸ್ ರಾಕ್ ಕಪಾಳಕ್ಕೆ ಬಾರಿಸಿದ ರಾತ್ರಿಯೇ, ನಟಿ ಬೆಟ್ಟಿ ವೈಟ್ ಅವರಿಗೆ ವಿಶೇಷ ಗೌರವ ಸಲ್ಲಿಸಿತು. ಜೇಮಿ ಲೀ ಕರ್ಟಿಸ್ ಕೈಯಲ್ಲೊಂದು ನಾಯಿಮರಿ ಎತ್ತಿಕೊಂಡು ಬಂದು ಮಾತಾಡಿದರು, ಬೆಟ್ಟಿಗೆ ಪ್ರಾಣಿಗಳೆಂದರೆ ಪ್ರಾಣ ಅಂತ. ಬೆಟ್ಟಿ ವೈಟ್ ಜೀವಮಾನವಿಡೀ ಟಿವಿಯವರೇ! ಅವತ್ತೇ ಟಿವಿ ನಟರೇ ಆದ ಬಾಬ್ ಸ್ಯಾಗೆಟ್, ಎಡ್ ಆಸ್ನರ್ ಇಬ್ಬರನ್ನೂ ಬಿಟ್ಟಿದ್ದರು. ನಿಮ್ಮ ಮಗನಿಗೆ ಇದನ್ನು ಹೇಳಿ, ವಾದ ಗೆಲ್ತೀರಿ.

2020ರಲ್ಲಿ ಇನ್ನೊಂದು. ಶ್ರದ್ಧಾಂಜಲಿ ಶುರುವಾಗಿದ್ದೇ ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರ್ಯಾಂಟ್ ಅವರಿಂದ. ಅದಕ್ಕೆ ನನ್ನ ತಕರಾರಿಲ್ಲ, ಅವರು 2018ರಲ್ಲಿ ಕಿರು ಅನಿಮೇಷನ್ ಚಿತ್ರಕ್ಕೆ ಆಸ್ಕರ್ ಗೆದ್ದಿದ್ದರು. ಆದರೆ ಟಿವಿಯಿಂದ ಹೆಸರಾದ ನಟ ಲ್ಯೂಕ್ ಪೆರಿ ಎಲ್ಲಿ? ಅವರ ಕೊನೆಯ ಸಿನಿಮಾ ‘ಒನ್ಸ್ ಅಪಾನ್ ಎ ಟೈಮ್ ಇನ್ ಹಾಲಿವುಡ್’ ಅದೇ ರಾತ್ರಿ ಅತ್ಯುತ್ತಮ ಚಿತ್ರದ ಸ್ಪರ್ಧೆಯಲ್ಲಿತ್ತು.

ಟಿವಿಯವರು ತಮ್ಮ ಮನೆಯಲ್ಲಿ ನ್ಯಾಯವಾಗಿದ್ದಾರೆ ಅಂದುಕೊಳ್ಳಬೇಡಿ. ಟಿವಿಯವರ ಪ್ರಶಸ್ತಿಯಾದ ಎಮ್ಮಿಯಲ್ಲಿ 2013ರಲ್ಲಿ ಕೆಲವರಿಗೆ ಮಾತ್ರ ಪ್ರತ್ಯೇಕ ಶ್ರದ್ಧಾಂಜಲಿ ಇಟ್ಟರು. 31ನೇ ವಯಸ್ಸಿಗೇ ಹೋದ ನಟ ಕೋರಿ ಮಾಂಟೀತ್ ಅದರಲ್ಲಿದ್ದರು, ಮೂರು ಎಮ್ಮಿ ಗೆದ್ದಿದ್ದ ಹಿರಿಯ ನಟ ಜ್ಯಾಕ್ ಕ್ಲಗ್‌ಮನ್ ಇರಲಿಲ್ಲ. ಕ್ಲಗ್‌ಮನ್ ಮಗ ಬಹಿರಂಗವಾಗಿಯೇ ಸಿಟ್ಟು ತೋರಿಸಿದರು.

ಬದುಕಿರುವವರನ್ನು ಯಾವಾಗಲಾದರೂ ಸತ್ತವರ ಸಾಲಿಗೆ ಸೇರಿಸಿದ್ದಾರಾ?
— ಶಿರಸಿಯ ಓದುಗರು

ಸೇರಿಸಿದ್ದಾರೆ. 2017ರಲ್ಲಿ ಆಸ್ಟ್ರೇಲಿಯಾದ ವಸ್ತ್ರವಿನ್ಯಾಸಕಿ ಜ್ಯಾನೆಟ್ ಪ್ಯಾಟರ್‌ಸನ್ ಹೆಸರಿನ ಜೊತೆ ನಿರ್ಮಾಪಕಿ ಜ್ಯಾನ್ ಚಾಪ್‌ಮನ್ ಫೋಟೊ ಬಂತು. ಚಾಪ್‌ಮನ್ ಗುಂಡುಕಲ್ಲಿನ ಹಾಗೆ ಬದುಕಿದ್ದರು, ಪ್ಯಾಟರ್‌ಸನ್ ಅವರ ಹಳೆಯ ಗೆಳತಿ ಬೇರೆ. ನಾನು ಚೆನ್ನಾಗಿದ್ದೇನೆ, ಕೆಲಸ ಮಾಡುತ್ತಲೂ ಇದ್ದೇನೆ ಅಂತ ಅವರೇ ಹೇಳಿಕೆ ಕೊಡಬೇಕಾಯಿತು. ಎಲ್ಲರೂ ನಕ್ಕರು, ಅತ್ಯುತ್ತಮ ಚಿತ್ರದ ಲಕೋಟೆ ಅದಲುಬದಲಾಗಿದ್ದೂ ಅವತ್ತೇ ಆದ್ದರಿಂದ ಇದು ಬೇಗ ಮರೆತೂ ಹೋಯಿತು. ನನಗೆ ನಗು ಬರಲಿಲ್ಲ. ನಾಲ್ಕು ಸಲ ಆಸ್ಕರ್‌ಗೆ ನಾಮನಿರ್ದೇಶನಗೊಂಡಿದ್ದ ಪ್ಯಾಟರ್‌ಸನ್ ಮುಖ ಕೊನೆಗೂ ಅಲ್ಲಿ ಬರಲೇ ಇಲ್ಲ ನೋಡಿ.

ಇಲ್ಲಿ ಕೂತು 2024ರ ಆಸ್ಕರ್ ನೋಡಿದೆವು. ಶ್ರದ್ಧಾಂಜಲಿಯಲ್ಲಿ ಹೆಸರೇ ಓದೋಕಾಗಲಿಲ್ಲ! ಇನ್ನೊಂದು, ನಮ್ಮ ಅಪ್ಪು ಹೆಸರು 2022ರಲ್ಲಿ ಬರಬೇಕಿತ್ತು ಅಂತ ನಮ್ಮ ಕನ್ನಡ ಕೂಟದಲ್ಲಿ ಈಗಲೂ ಮಾತಾಗುತ್ತದೆ.
— ನ್ಯೂಜೆರ್ಸಿಯ ಓದುಗರು

ಆ ವರ್ಷ ಓದೋಕಾಗದೆ ಇದ್ದಿದ್ದು ನಿಮ್ಮೊಬ್ಬರಿಗಲ್ಲ. ಆಂಡ್ರಿಯಾ ಬೊಚೆಲ್ಲಿ ಮತ್ತು ಮಗ ಹಾಡುತ್ತಿದ್ದಾರೆ, ಮುಂದೆ ನೃತ್ಯ ನಡೆಯುತ್ತಿದೆ, ಹೆಸರು ಹಿಂದಿನ ಪರದೆ ಮೇಲೆ, ಕ್ಯಾಮೆರಾ ಎಲ್ಲೋ ದೂರದಲ್ಲಿ. ಕಲಾ ನಿರ್ದೇಶಕ ನಿತಿನ್ ಚಂದ್ರಕಾಂತ್ ದೇಸಾಯಿ ಆ ಪಟ್ಟಿಯಲ್ಲಿದ್ದರು. ಎಷ್ಟು ಜನ ಭಾರತೀಯರಿಗೆ ಕಾಣಿಸಿತೋ ದೇವರೇ ಬಲ್ಲ. 2022ರಲ್ಲೂ ಇದೇ ಗೋಳು, ಗಾಯಕರ ತಂಡ ಕುಣಿಯುತ್ತಿದ್ದರೆ ಹೆಸರುಗಳು ಹಿಂದೆ ಉಳಿದವು. ಪಟ್ಟಿಯಲ್ಲಿದ್ದೂ ಕಾಣದೆ ಹೋದವರನ್ನು ನಾನು ಬಿಟ್ಟುಹೋದವರ ಲೆಕ್ಕಕ್ಕೇ ಸೇರಿಸುತ್ತೇನೆ.

ಅಪ್ಪು ವಿಷಯ. ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ಲಾಸ್ ಏಂಜಲೀಸ್‌ನ ಆ ಸಮಿತಿಯಿಂದ ಅದನ್ನು ನಿರೀಕ್ಷಿಸುವುದು ಸುಮ್ನೆ ನಮ್ಮನ್ನು ನಾವೇ ಸಣ್ಣ ಮಾಡಿಕೊಂಡ ಹಾಗೆ. ಪುನೀತ್ ಹೋಗಿದ್ದು 2021ರ ಅಕ್ಟೋಬರ್ 29ಕ್ಕೆ. ನವೆಂಬರ್ 20ಕ್ಕೆ ಗೋವಾದಲ್ಲಿ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ ಇಫ್ಫಿ ಶುರುವಾಯಿತು, ಅದರ ಶ್ರದ್ಧಾಂಜಲಿ ವಿಭಾಗದಲ್ಲಿ ‘ರಾಜಕುಮಾರ’ ಇತ್ತು. ಅದೇ ವಿಭಾಗದಲ್ಲಿ ಜೂನ್‌ನಲ್ಲಿ ತೀರಿಕೊಂಡಿದ್ದ ಸಂಚಾರಿ ವಿಜಯ್ ಅವರ ‘ನಾನು ಅವನಲ್ಲ... ಅವಳು’ ಕೂಡ ಇತ್ತು, ದಿಲೀಪ್ ಕುಮಾರ್ ಅವರಿಗೂ ಜಾಗ ಇತ್ತು. ಎರಡು ಸೆಕೆಂಡಿನ ಫೋಟೊಗಿಂತ ಪೂರ್ತಿ ಸಿನಿಮಾ ತೋರಿಸುವ ಈ ಪದ್ಧತಿಯೇ ನನಗೆ ಇಷ್ಟ. ನಟನನ್ನು ನೆನೆಯೋದು ಅಂದರೆ ಅವನ ನಟನೆ ನೋಡೋದು ತಾನೇ?

ಜಾಗ ಇಲ್ಲದವರಿಗೆ ಕ್ಯೂಆರ್ ಕೋಡ್ ತೋರಿಸ್ತಾರಲ್ಲ, ಅದು ಸಾಲದಾ?
— ಬಳ್ಳಾರಿಯ ಓದುಗರು

ಸಾಲದು. 1996ರ ಮಾರ್ಚ್‌ನಲ್ಲಿ ಮೀರಾ ಸೊರ್ವಿನೊ ಪೋಷಕ ನಟಿ ಆಸ್ಕರ್ ಗೆದ್ದು, ಈ ಪ್ರಶಸ್ತಿ ನನ್ನ ಅಪ್ಪನಿಗೂ ಗೌರವ ಅನ್ನುವ ಮಾತಾಡಿದಾಗ, ಕೆಳಗೆ ಕೂತಿದ್ದ ಅಪ್ಪ ಪಾಲ್ ಸೊರ್ವಿನೊ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಆ ದೊಡ್ಡ ಆಳು ಅಳುವುದನ್ನು ಕ್ಯಾಮೆರಾ ಬಿಡದೆ ತೋರಿಸಿತು, ಆಸ್ಕರ್‌ನ ಹಳೆಯ ತುಣುಕುಗಳ ಪೈಕಿ ಜನ ಇವತ್ತಿಗೂ ಹುಡುಕಿ ನೋಡುವಂಥದ್ದು ಅದು. 2022ರಲ್ಲಿ ಪಾಲ್ ತೀರಿಕೊಂಡರು. 2023ರ ಟಿವಿ ಶ್ರದ್ಧಾಂಜಲಿಯಲ್ಲಿ ಅವರಿಲ್ಲ! ಕೊನೆಗೊಂದು ಕ್ಯೂಆರ್ ಕೋಡ್, ಸ್ಕ್ಯಾನ್ ಮಾಡಿ ನೋಡ್ಕೊಳ್ಳಿ ಅಂತ. ಮಗಳಿಗೆ, ಹೆಂಡತಿಗೆ ಎಷ್ಟು ಸಿಟ್ಟು ಬಂತೆಂದರೆ ಇಬ್ಬರೂ ಅದನ್ನು ಮುಚ್ಚಿಡಲಿಲ್ಲ. ಪಾಲ್ ಅವರ ಕಣ್ಣೀರು ಟಿವಿಗೆ ಬೇಕಾಯಿತು, ಸಾವಿಗೆ ಎರಡು ಸೆಕೆಂಡ್ ಸಿಗಲಿಲ್ಲ.

ಅದೇ ವರ್ಷ ‘ಟ್ರಯಾಂಗಲ್ ಆಫ್ ಸ್ಯಾಡ್‌ನೆಸ್’ ಅತ್ಯುತ್ತಮ ಚಿತ್ರದ ಸ್ಪರ್ಧೆಯಲ್ಲಿತ್ತು. ಅದರ ನಾಯಕಿ ಚಾರ್ಲ್ಬಿ ಡೀನ್, 32 ವರ್ಷದ ಹುಡುಗಿ, ಕೆಲವೇ ತಿಂಗಳ ಹಿಂದೆ ಹೋಗಿದ್ದರು. ಅವರೂ ಇರಲಿಲ್ಲ.

ಅಷ್ಟೆಲ್ಲ ಬೈಯ್ತೀರಲ್ಲ, ನಿಮಗೇ ಆ ಕೆಲಸ ಕೊಟ್ಟಿದ್ದರೆ ಏನು ಮಾಡುತ್ತಿದ್ದಿರಿ?
— ಬೆಂಗಳೂರಿನ ಓದುಗರು

ಮೊದಲು ಕುಣಿಯುವವರನ್ನು ಕೆಳಗಿಳಿಸುತ್ತಿದ್ದೆ. ಹಾಡು ಇರಲಿ, ಹಾಡುವವರ ಮುಖ ಬೇಡ, ಪರದೆ ತುಂಬ ಸತ್ತವರ ಮುಖ ಮಾತ್ರ. ಹೆಸರಿನ ಕೆಳಗೆ ಏನು ಕೆಲಸ ಮಾಡಿದರು ಅಂತ ಇರಬೇಕು. ದೊಡ್ಡ ಸ್ಟಾರ್‌ಗೆ ಅಂತ ಕೊನೆಯ ಜಾಗ ಕಾದಿಡುವುದನ್ನು ನಿಲ್ಲಿಸಿ, ಸತ್ತ ತಾರೀಖಿನ ಪ್ರಕಾರ ಸಾಲಾಗಿ ತೋರಿಸುತ್ತಿದ್ದೆ. ಯಾರಿಗೆ ಎಷ್ಟು ಚಪ್ಪಾಳೆ ಬಿತ್ತು ಅಂತ ಅಳೆಯೋದು ಬೇಡ, ಎಲ್ಲ ಮುಗಿದ ಮೇಲೆ ಒಮ್ಮೆ ತಟ್ಟಿದರೆ ಸಾಕು. ಈಗ ಸಿಗುವ ಮೂರ್ನಾಲ್ಕು ನಿಮಿಷವನ್ನು ಎಂಟು ಮಾಡುತ್ತಿದ್ದೆ. ಅಷ್ಟು ಹೊತ್ತು ಎಲ್ಲಿಂದ ತರ್ತೀರಿ ಅಂತ ನಿರ್ಮಾಪಕರು ಕೇಳುತ್ತಾರೆ, ಕೇಳಲಿ. ಮೂರೂವರೆ ಗಂಟೆಯ ಕಾರ್ಯಕ್ರಮದಲ್ಲಿ ನಿರೂಪಕರ ಜೋಕುಗಳಿಗೆ ಎಷ್ಟು ಹೋಗುತ್ತೆ ಅಂತ ನಾನೂ ಕೇಳುತ್ತೇನೆ.