ಡಬಲ್ ಮಾರ್ಕರ್ ಪರೀಕ್ಷೆ: ಒಪ್ಪಿಗೆ ಯಾರದು?

ಪ್ರಶ್ನೆ: ನನಗೆ 29 ವರ್ಷ, ಇದು ಮೊದಲ ಬಸಿರು, ಈಗ 13ನೆಯ ವಾರ. ಕಲಬುರಗಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನಿಂಗ್ ಆದ ದಿನವೇ ‘ಎಲ್ಲರಿಗೂ ಮಾಡುವ ಪರೀಕ್ಷೆ’ ಎಂದು ಹೇಳಿ ರಕ್ತ ತೆಗೆದರು. ಇಂಗ್ಲಿಷಿನಲ್ಲಿದ್ದ ಕಾಗದಕ್ಕೆ ನಮ್ಮ ಯಜಮಾನರು ಸಹಿ ಹಾಕಿದರು. ಈಗ ಡಬಲ್ ಮಾರ್ಕರ್ ವರದಿಯಲ್ಲಿ ಡೌನ್ ಸಿಂಡ್ರೋಮ್ ಎದುರಿಗೆ 1:180, ‘ಹೈ ರಿಸ್ಕ್’ ಎಂದಿದೆ. ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆದು ನೋಡಬೇಕು ಎನ್ನುತ್ತಾರೆ. ಅತ್ತೆಯವರು ಈ ಬಸಿರೇ ಬೇಡ ಎನ್ನುತ್ತಿದ್ದಾರೆ. ನಾನೇನು ಮಾಡಲಿ?
– ಓದುಗರು, ಆಳಂದ ತಾಲ್ಲೂಕು

ಉತ್ತರ: ತಂಗಿ, ಇಂಥದೇ ವರದಿ ಬಂದ 180 ಗರ್ಭಿಣಿಯರಲ್ಲಿ ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್, ಅಂದರೆ ಕಲಿಕೆ, ಬೆಳವಣಿಗೆ ನಿಧಾನವಾಗುವ ಹುಟ್ಟು ತೊಂದರೆ, ಇರಬಹುದು, ಉಳಿದ 179 ಮಕ್ಕಳಿಗೆ ಇರುವುದಿಲ್ಲ ಎಂಬುದಷ್ಟೇ ಆ ಅಂಕಿಯ ಅರ್ಥ. ಮೊರದಲ್ಲಿ 180 ತೊಗರಿ ಕಾಳು ಎಣಿಸಿ ಹಾಕಿ, ಒಂದಕ್ಕೆ ಮಾತ್ರ ಕುಂಕುಮ ಹಚ್ಚಿ, ಅತ್ತೆಯವರ ಮುಂದಿಡಿ. ಈ ಪರೀಕ್ಷೆ ರೋಗವನ್ನು ಖಚಿತಪಡಿಸುವುದಿಲ್ಲ. ಮುಂದಿನ ಪರೀಕ್ಷೆಯ ಬಗ್ಗೆ ಯಾರು ಯೋಚಿಸಬೇಕಾದೀತು ಎಂದು ತಿಳಿಸುತ್ತದೆ, ಅಷ್ಟೆ.

ಈ ಮಾತನ್ನು ರಕ್ತ ತೆಗೆಯುವ ಮೊದಲೇ, ನಿಮಗೆ ತಿಳಿಯುವ ಭಾಷೆಯಲ್ಲಿ, ನಿಮಗೇ ಹೇಳಬೇಕಿತ್ತು. ಅಪಾಯವಿದೆ ಎಂದು ವರದಿ ಬಂದರೆ ಎದುರಾಗುವ ಪ್ರಶ್ನೆಗಳೇನು, ಪರೀಕ್ಷೆಯೇ ಬೇಡ ಎನ್ನಲು ಅವಕಾಶವಿದೆಯೇ ಎಂಬುದನ್ನು ತಿಳಿಸದೆ ಪಡೆದ ಸಹಿಯನ್ನು, ಅದರಲ್ಲೂ ಗಂಡನ ಸಹಿಯನ್ನು, ಒಪ್ಪಿಗೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ‘ಎಲ್ಲರಿಗೂ ಮಾಡುತ್ತೇವೆ’ ಎಂಬುದು ವಿವರಣೆಯಲ್ಲ.

ಆದರೆ ಮುಂದಿನ ಹೆಜ್ಜೆ ಇನ್ನೂ ನಿಮ್ಮ ಕೈಯಲ್ಲಿದೆ. ಅಂದು ರಕ್ತ ಕೊಟ್ಟಿರಿ ಎಂದ ಮಾತ್ರಕ್ಕೆ ಸೂಜಿಗೂ ಒಪ್ಪಿದಂತಾಗಲಿಲ್ಲ. ಗರ್ಭಜಲ ತೆಗೆಯುವುದರಿಂದ ಗರ್ಭಪಾತವಾಗುವ ಅಪಾಯ ಸಣ್ಣದಾದರೂ ಇದ್ದೇ ಇದೆ. ಭ್ರೂಣದ ಲಿಂಗ ಹೇಳುವುದನ್ನು ನಿಷೇಧಿಸಿರುವ 1994ರ ಕಾಯ್ದೆಯೇ, ಇಂಥ ಪರೀಕ್ಷೆಯ ಅಡ್ಡಪರಿಣಾಮಗಳನ್ನು ಗರ್ಭಿಣಿಗೆ ವಿವರಿಸಿ, ಆಕೆಗೆ ತಿಳಿಯುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆದು, ಅದರ ಪ್ರತಿಯನ್ನು ಆಕೆಗೇ ಕೊಡಬೇಕೆಂದು ವಿಧಿಸಿದೆ. ಗರ್ಭಪಾತದ ವಿಷಯದಲ್ಲೂ ಅಷ್ಟೇ: 1971ರ ಕಾಯ್ದೆಯ ಪ್ರಕಾರ ವಯಸ್ಕ ಮಹಿಳೆಯ ಸ್ವಂತ ಒಪ್ಪಿಗೆಯೇ ಬೇಕು, ಅತ್ತೆಯವರದಾಗಲಿ ಗಂಡನದಾಗಲಿ ಅಲ್ಲ.

ಗರ್ಭಜಲ ಪರೀಕ್ಷೆಯನ್ನು 15 ವಾರ ತುಂಬಿದ ಮೇಲೆಯೇ ಮಾಡುವುದರಿಂದ ಈ ವಾರವೇ ಉತ್ತರ ಕೊಡಬೇಕಾಗಿಲ್ಲ. ಯಜಮಾನರನ್ನು ಕರೆದುಕೊಂಡು ಹೋಗಿ ವೈದ್ಯರ ಎದುರು ಕುಳಿತು, ತಾಯಿಯ ರಕ್ತದಲ್ಲೇ ಸಿಗುವ ಮಗುವಿನ ಡಿಎನ್‌ಎ ತುಣುಕುಗಳನ್ನು ನೋಡುವ ಎನ್‌ಐಪಿಟಿ ಪರೀಕ್ಷೆ ನಿಮಗೆ ಸಾಕಾಗುತ್ತದೆಯೇ, ಯಾವ ಪರೀಕ್ಷೆಯನ್ನೂ ಮಾಡಿಸದೆ ಮುಂದುವರಿದರೆ ಹೇಗೆ ಎಂದು ಕೇಳಿ. ಸೂಜಿ ಪರೀಕ್ಷೆಗೆ ಒಪ್ಪುವುದಾದರೆ ಕಾಗದವನ್ನು ಕನ್ನಡದಲ್ಲಿ ಓದಿಸಿಕೊಂಡು, ಸಹಿಯನ್ನು ನೀವೇ ಹಾಕಿ, ಪ್ರತಿಯನ್ನು ಕೇಳಿ ಪಡೆದುಕೊಳ್ಳಿ.