ದೇವದೂತರ ಕಾದಂಬರಿಗೆ ಎಷ್ಟು ಬೈಬಲ್ ವಾಕ್ಯ ಬೇಕು?

ಹದಿನಾರರ ಹುಡುಗಿಯೂ ಅವಳ ಕಾವಲು ದೇವದೂತನೂ ಪರಸ್ಪರ ಮನಸೋಲುವ ಕಾದಂಬರಿಯನ್ನು ಅಮೆರಿಕದ ಕ್ರೈಸ್ತ ಪ್ರಕಾಶಕರು ಒಪ್ಪಬೇಕಾದರೆ ಅದರಲ್ಲಿ ಎಷ್ಟು ಬೈಬಲ್ ವಾಕ್ಯಗಳಿರಬೇಕು ಎಂದು ಕೇಳಿದ್ದೀರಿ. ಇದೇ ಲೆಕ್ಕಾಚಾರದಲ್ಲಿ ನಾನು ಒಂದು ಇಡೀ ಹಸ್ತಪ್ರತಿಯನ್ನು ಕಳೆದುಕೊಂಡಿದ್ದೇನೆ. ಆದ್ದರಿಂದ ವಾಕ್ಯಗಳ ಲೆಕ್ಕವನ್ನು ಬದಿಗಿಟ್ಟು, ಕಳೆದುಕೊಂಡ ಬಗೆಯನ್ನೇ ಹೇಳುತ್ತೇನೆ.

ನಾನು ಮಂಗಳೂರಿನ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವಳು. ಎಳೆಯ ಮಗು ತೀರಿಕೊಂಡಾಗ ಅದು ದೇವದೂತನಾಗಿ ಹೋಯಿತು ಎಂದು ಹಿರಿಯರು ತಾಯಿಯನ್ನು ಸಮಾಧಾನಪಡಿಸುವುದನ್ನು ಕೇಳಿಕೊಂಡೇ ದೊಡ್ಡವಳಾದೆ. ಮದುವೆಯಾದ ಮೇಲೆ ಮಿಶಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್‌ಗೆ ಬಂದೆ. ಡಚ್ ವಲಸಿಗರ, ರಿಫಾರ್ಮ್ಡ್ ಎಂಬ ಪ್ರೊಟೆಸ್ಟಂಟ್ ಪಂಥದ ಚರ್ಚುಗಳು ಬೀದಿಬೀದಿಗೂ ಇರುವ ಈ ಊರು ಝೋಂಡರ್ವನ್, ಈರ್ಡ್‌ಮನ್ಸ್, ಕ್ರೆಗಲ್ ಮುಂತಾದ ಕ್ರೈಸ್ತ ಪ್ರಕಾಶನ ಸಂಸ್ಥೆಗಳ ನೆಲೆಯೂ ಹೌದು. ಇಲ್ಲಿನ ಹುಡುಗಿಯರು ಮಾಂತ್ರಿಕರ ಕಥೆಗಳನ್ನು ಓದಲು ತಾಯಂದಿರು ಬಿಡುತ್ತಿರಲಿಲ್ಲ, ಚರ್ಚಿನ ಗ್ರಂಥಾಲಯದ ಸಪ್ಪೆ ಪುಸ್ತಕಗಳು ಹುಡುಗಿಯರಿಗೆ ಹಿಡಿಸುತ್ತಿರಲಿಲ್ಲ. ಇವೆರಡರ ನಡುವೆ ನನ್ನ ಕಾದಂಬರಿಗೆ ಜಾಗವಿದೆ ಎಂದುಕೊಂಡು ಬರೆಯಲು ಕುಳಿತೆ.

ಕಥೆ ಇಷ್ಟೇ. ಹಿಮ ಬಿದ್ದ ರಸ್ತೆಯಲ್ಲಿ ಕಾರು ಜಾರಿ ಅಣ್ಣ ಸಾಯುತ್ತಾನೆ, ಆಮೇಲೆ ತಂಗಿಯ ಕಾವಲು ದೇವದೂತನಾಗಿ ಮರಳುತ್ತಾನೆ. ಬೈಗುಳವೊಂದೂ ಇರಲಿಲ್ಲ. ಅಧ್ಯಾಯಕ್ಕೊಂದು ಪ್ರಾರ್ಥನೆಯನ್ನೂ ಬೈಬಲಿನ ಕೀರ್ತನೆಗಳಿಂದ ಆಯ್ದ ಸಾಲುಗಳನ್ನೂ ನೀವು ಯೋಚಿಸುತ್ತಿರುವಂತೆಯೇ ಅಳತೆ ಮಾಡಿ ಸೇರಿಸಿದ್ದೆ. ಹಸ್ತಪ್ರತಿಯನ್ನು ಪ್ರಕಾಶಕರಿಗೆ ತಲುಪಿಸುವ ಏಜೆಂಟ್ ಸಿಕ್ಕರು. ಬೇರೆ ರಾಜ್ಯದ ಪ್ರಕಾಶನ ಸಂಸ್ಥೆಯೊಂದರ ಸಂಪಾದಕಿ ಪೂರ್ತಿ ಹಸ್ತಪ್ರತಿಯನ್ನು ತರಿಸಿಕೊಂಡು ಓದಿ, ಟಿಪ್ಪಣಿಗಳೊಂದಿಗೆ ಹಿಂದಕ್ಕೆ ಕಳುಹಿಸಿದರು. ಹೆಪ್ಪುಗಟ್ಟಿದ ಕೆರೆಯ ಬಿರುಕಿನಿಂದ ಅಣ್ಣನು ತಂಗಿಯನ್ನು ಮೇಲೆತ್ತಿ, ತಾನೀಗ ದೇವದೂತನೆಂದು ಹೇಳುವ ಪುಟದ ಅಂಚಿನಲ್ಲಿ ಅವರ ಒಂದೇ ಒಂದು ಪ್ರಶ್ನೆಯಿತ್ತು: "ಹಾಗಾದರೆ ಇವನಿಗೆ ಪುನರುತ್ಥಾನ ಬೇಡವೇ?"

ಈ ಪ್ರಶ್ನೆಯ ತೂಕ ನನಗೆ ಆಗ ತಿಳಿಯಲಿಲ್ಲ. ಮನುಷ್ಯ ಸತ್ತು ದೇವದೂತನಾಗುತ್ತಾನೆ ಎಂಬುದು ಜನರ ಬಾಯಿಮಾತು ಮಾತ್ರ. ಪ್ರೊಟೆಸ್ಟಂಟರಾಗಲಿ, ನಮ್ಮ ಕ್ಯಾಥೊಲಿಕ್ ಸಭೆಯಾಗಲಿ ಅದನ್ನು ಬೋಧಿಸುವುದಿಲ್ಲ. ದೇವದೂತರು ಬೇರೆಯೇ ಸೃಷ್ಟಿ. ಸತ್ತ ಮನುಷ್ಯ ಮನುಷ್ಯನಾಗಿಯೇ ಉಳಿದು, ತನ್ನ ದೇಹ ಎಬ್ಬಿಸಲ್ಪಡುವ ದಿನಕ್ಕಾಗಿ, ಅಂದರೆ ಪುನರುತ್ಥಾನಕ್ಕಾಗಿ, ಕಾಯುತ್ತಾನೆ. ಈಸ್ಟರ್ ಹಬ್ಬ ನಿಂತಿರುವುದೇ ಆ ನಿರೀಕ್ಷೆಯ ಮೇಲೆ. ಪುನರುತ್ಥಾನ ಹೊಂದಿದವರು ಮದುವೆಯ ವಿಷಯದಲ್ಲಿ ದೇವದೂತರಂತೆ ಇರುತ್ತಾರೆ ಎಂದು ಮತ್ತಾಯನ ಸುವಾರ್ತೆಯ 22ನೆಯ ಅಧ್ಯಾಯದಲ್ಲಿ ಇದೆಯೇ ಹೊರತು, ದೇವದೂತರೇ ಆಗುತ್ತಾರೆ ಎಂದಿಲ್ಲ. (ಅದೇ ವಚನ ನಿಮ್ಮ ಪ್ರೇಮಕಥೆಗೂ ಅಡ್ಡ ಬರುತ್ತದೆ ಎಂಬುದನ್ನು ಗಮನಿಸಿ.) ಅಣ್ಣನಿಗೆ ಕಥೆಯ ನಡುವಿನಲ್ಲೇ ರೆಕ್ಕೆ ಕೊಟ್ಟ ನಾನು, ಆ ಸಂಪಾದಕಿಯ ಓದುಗರು ಪ್ರತಿ ಭಾನುವಾರ ಎದ್ದುನಿಂತು ಒಪ್ಪಿಕೊಳ್ಳುವ ನಂಬಿಕೆಯನ್ನೇ ಅನಗತ್ಯವಾಗಿಸಿದ್ದೆ.

ಆದರೆ ನನಗೆ ದುಬಾರಿಯಾದ ತಪ್ಪು ಇದಲ್ಲ, ಇದನ್ನು ತಿದ್ದಿದ ರೀತಿ. ಇಡೀ ಕಥೆ ಬಿರುಕು ಬಿಟ್ಟಿದೆ ಎಂದು ಅರಿಯದೆ ಒಂದು ತೇಪೆ ಹಾಕಿದೆ. ಅಣ್ಣನು ಸತ್ತವನಾಗಿಯೇ ಇರಲಿ, ಬಂದವನು ನಿಜವಾದ ದೇವದೂತ, ಆದರೆ ತಂಗಿ ಹೆದರಬಾರದೆಂದು ಅಣ್ಣನ ಮುಖ ಧರಿಸಿ ಬಂದಿದ್ದಾನೆ ಎಂದು ಬದಲಾಯಿಸಿದೆ. ಮೇಲ್ನೋಟಕ್ಕೆ ಸಿದ್ಧಾಂತದ ದೋಷ ಸರಿಹೋಯಿತು. ಆದರೆ ದುಃಖದಲ್ಲಿರುವ ಹುಡುಗಿಯ ಮುಂದೆ ಸತ್ತವನ ಮುಖ ಹೊತ್ತು ನಿಂತು, ಅವಳ ಅಣ್ಣನಂತೆಯೇ ಮಾತನಾಡುವವನು ಎಂಥವನು? ಬೆಳಕಿನ ದೂತನ ವೇಷ ಹಾಕುವವನು ಸೈತಾನ ಎಂದು ಪೌಲನು ಕೊರಿಂಥದವರಿಗೆ ಬರೆದ, ಬೈಬಲಿನಲ್ಲಿರುವ ಪತ್ರದಲ್ಲಿ ಹೇಳಿದ್ದಾನೆ. ನನ್ನ ನಾಯಕ ಸೈತಾನನ ಕೆಲಸವನ್ನು ಮಾಡುತ್ತಿದ್ದುದನ್ನು ನಾನೊಬ್ಬಳೇ ನೋಡಿರಲಿಲ್ಲ. ಹುಡುಗಿಯ ಹಾಲುಹಲ್ಲು ಬಿದ್ದ ದಿನ, ಅಪ್ಪನ ಹಳೆಯ ಟ್ರಕ್ಕಿನ ಹೀಟರ್ ಕೆಟ್ಟುಹೋದ ಚಳಿಗಾಲ, ಇಂಥ ಅಣ್ಣನ ನೆನಪುಗಳಿಂದಲೇ ಕಥೆಯ ಅಂತಃಕರಣ ಹುಟ್ಟುತ್ತಿತ್ತು. ಅವನ್ನು ಬಿಟ್ಟುಕೊಡಲು ಮನಸ್ಸಾಗದೆ, ಆ ನೆನಪುಗಳಿಗೆ ಹಕ್ಕೇ ಇಲ್ಲದವನ ಬಾಯಲ್ಲಿ ಅವನ್ನು ಹಾಗೆಯೇ ಉಳಿಸಿಕೊಂಡೆ. ಎರಡನೆಯ ಪ್ರತಿಗೆ ಬಂದ ಉತ್ತರ ಸೌಜನ್ಯದಿಂದ ಕೂಡಿದ್ದರೂ ತೀರ ಚಿಕ್ಕದಾಗಿತ್ತು. ಏಜೆಂಟರೂ ಕೆಲಕಾಲದ ನಂತರ ಕೈಬಿಟ್ಟರು.

ಆಮೇಲೆ ಬೈಬಲನ್ನು ದೇವದೂತರಿಗಾಗಿಯೇ ಓದಿದೆ. ಮೊದಲೇ ಮಾಡಬೇಕಾಗಿದ್ದ ಕೆಲಸ ಅದು. ಅವರು ಬರುತ್ತಾರೆ, ಹೇಳಬೇಕಾದುದನ್ನು ಹೇಳುತ್ತಾರೆ, ಹೊರಟುಹೋಗುತ್ತಾರೆ. ಪ್ರೊಟೆಸ್ಟಂಟರ ಬೈಬಲಿನ 66 ಪುಸ್ತಕಗಳಲ್ಲಿ ಹೆಸರಿರುವ ಒಳ್ಳೆಯ ದೇವದೂತರು ಗಬ್ರಿಯೇಲ ಮತ್ತು ಮೀಕಾಯೇಲ ಇಬ್ಬರೇ. ನನಗೆ ಪ್ರಿಯನಾದ ರಫಾಯೇಲ, ಮನುಷ್ಯನ ವೇಷದಲ್ಲಿ ತೊಬಿಯಾಸನೆಂಬ ತರುಣನ ಜೊತೆ ನಾಯಿಯೊಂದನ್ನೂ ಕರೆದುಕೊಂಡು ಪ್ರಯಾಣ ಹೊರಟವನು, ಕ್ಯಾಥೊಲಿಕರ ಮತ್ತು ಆರ್ಥೊಡಾಕ್ಸ್ ಸಭೆಯವರ ಬೈಬಲಿನಲ್ಲಿರುವ ತೋಬಿತನ ಗ್ರಂಥದಲ್ಲಿ ಮಾತ್ರ ಸಿಗುತ್ತಾನೆ. ಹದಿಹರೆಯದವರಿಗೆ ಅದಕ್ಕಿಂತ ಒಳ್ಳೆಯ ಕಥೆಯನ್ನು ನಾನು ಕಂಡಿಲ್ಲ, ಆದರೆ ನೀವು ತಲುಪಬಯಸುವ ಓದುಗರಿಗೆ ಅದು ಪವಿತ್ರಗ್ರಂಥವಲ್ಲ. ಪ್ರವಾದಿ ಯೆಶಾಯನು ಕಂಡ ಸೆರಾಫಿಯರೆಂಬ ದೂತರು ಆರು ರೆಕ್ಕೆಗಳಲ್ಲಿ ಎರಡರಿಂದ ಮುಖ ಮುಚ್ಚಿಕೊಳ್ಳುತ್ತಾರೆ. ಪ್ರವಾದಿ ಯೆಹೆಜ್ಕೇಲನು ಕಂಡ ಕೆರೂಬಿಗಳೆಂಬ ದೂತರಿಗೆ ನಾಲ್ಕು ಮುಖಗಳು. ದಾನಿಯೇಲನ ಗ್ರಂಥದ 10ನೆಯ ಅಧ್ಯಾಯದಲ್ಲಂತೂ ಪ್ರಾರ್ಥನೆಗೆ ಉತ್ತರ ತರುತ್ತಿದ್ದ ದೂತನನ್ನು ಪಾರಸಿಯ (ಪರ್ಷಿಯಾ) ರಾಜ್ಯದ ಪ್ರಭುವು 21 ದಿನ ತಡೆದು ನಿಲ್ಲಿಸುತ್ತಾನೆ. ಇದೆಲ್ಲವನ್ನೂ ಬಿಟ್ಟು ನಾವು ಸುಂದರ ತರುಣನಿಗೆ ರೆಕ್ಕೆ ಅಂಟಿಸುತ್ತೇವೆ!

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೈಬಲಿನಲ್ಲಿರುವ ಪೇತ್ರನ ಮೊದಲ ಪತ್ರದ ಒಂದು ಮಾತು. ಮನುಷ್ಯರಿಗೆ ದೊರೆತ ರಕ್ಷಣೆಯನ್ನು ಇಣುಕಿ ನೋಡಲು ದೇವದೂತರೇ ಹಂಬಲಿಸುತ್ತಾರಂತೆ. ಅಂದರೆ ಅವರು ಹೊರಗಿನವರು. ಸಾವು, ಕ್ಷಮೆ, ಪಶ್ಚಾತ್ತಾಪ ಎಲ್ಲವೂ ಹುಡುಗಿಯ ಪಾಲಿನವು, ದೂತನ ಪಾಲಿನವಲ್ಲ. 1986ರಲ್ಲಿ ಪ್ರಕಟವಾಗಿ ಈ ಬಗೆಯ ಕಾದಂಬರಿಗಳಿಗೆ ದಾರಿ ಮಾಡಿಕೊಟ್ಟ ಫ್ರ್ಯಾಂಕ್ ಪೆರೆಟ್ಟಿಯವರ 'ದಿಸ್ ಪ್ರೆಸೆಂಟ್ ಡಾರ್ಕ್‌ನೆಸ್' ಕೃತಿಯಲ್ಲಿಯೂ ಕತ್ತಿ ಹಿಡಿದ ದೂತರ ಬಲ ಸಣ್ಣ ಊರಿನ ಜನರ ಪ್ರಾರ್ಥನೆಯನ್ನು ಅವಲಂಬಿಸಿರುತ್ತದೆ.

ಹೀಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ವಾಕ್ಯಗಳನ್ನು ಸೇರಿಸಿದರೆ ಕಾದಂಬರಿ ಕ್ರೈಸ್ತವಾಗುವುದಿಲ್ಲ, ತೆಗೆದರೆ ಲೌಕಿಕವೂ ಆಗುವುದಿಲ್ಲ. ಪ್ರಕಾಶಕರನ್ನು ಕ್ರೈಸ್ತ, ಲೌಕಿಕ ಎಂದು ಎರಡು ಪಂಗಡವಾಗಿ ಒಡೆದು ನೋಡುವುದರಲ್ಲಿಯೂ ಹುರುಳಿಲ್ಲ; ಕ್ರೈಸ್ತ ಪ್ರಕಾಶನಗಳಾದ ಝೋಂಡರ್ವನ್ ಮತ್ತು ಥಾಮಸ್ ನೆಲ್ಸನ್ ಎರಡೂ ಇಂದು ಸಾಮಾನ್ಯ ಪ್ರಕಾಶನ ಸಂಸ್ಥೆಯಾದ ಹಾರ್ಪರ್‌ಕಾಲಿನ್ಸ್ ಒಡೆತನದಲ್ಲಿವೆ. ಬೇರೆಯಾಗಿರುವುದು ಕೊಳ್ಳುವ ಕೈ. ಇಲ್ಲಿ ಓದುವವಳು ಮಗಳು, ಹಣ ಕೊಡುವವಳು ತಾಯಿ; ತಾಯಿ ಹಿಂಬದಿಯ ರಕ್ಷಾಪುಟವನ್ನು ಓದಿದ ನಂತರವೇ ಪುಸ್ತಕ ಮಗಳ ಕೈಗೆ ಹೋಗುತ್ತದೆ. ಕ್ರೈಸ್ತ ಪುಸ್ತಕಗಳನ್ನು ಮಾರುತ್ತಿದ್ದ ಫ್ಯಾಮಿಲಿ ಕ್ರಿಶ್ಚಿಯನ್ ಮಳಿಗೆಗಳು 2017ರಲ್ಲಿ, ಲೈಫ್‌ವೇ ಮಳಿಗೆಗಳು 2019ರಲ್ಲಿ ಮುಚ್ಚಿದ ಮೇಲೆ ಆ ತಾಯಿಗೆ ಪುಸ್ತಕವನ್ನು ಪರಿಚಯಿಸುವ ಅಂಗಡಿಯವರೂ ಕಡಿಮೆಯಾಗಿದ್ದಾರೆ. ಈಗ ಅವಳು ನಂಬುವುದು ಚರ್ಚಿನ ಗೆಳತಿಯರ ಮಾತನ್ನು. ದೂತನೂ ಹುಡುಗಿಯೂ ಚುಂಬಿಸುವ ಅಧ್ಯಾಯದ ಸುದ್ದಿ ಆ ಗೆಳತಿಯರ ನಡುವೆ ಹರಡಲು ಒಂದು ಭಾನುವಾರ ಸಾಕು.

ಪ್ರೇಮವೇ ನಿಮ್ಮ ಕಥೆಯ ಜೀವಾಳವಾಗಿದ್ದರೆ ಧೈರ್ಯವಾಗಿ ಸಾಮಾನ್ಯ ಪ್ರಕಾಶಕರಿಗೆ ಕಳುಹಿಸಿ, ಅಂಟಿಸಿರುವ ವಾಕ್ಯಗಳನ್ನೆಲ್ಲ ತೆಗೆದುಹಾಕಿ. ಕ್ರೈಸ್ತ ಓದುಗರೇ ಬೇಕೆಂದಾದರೆ ಪ್ರೇಮವನ್ನು ಒಬ್ಬ ಮನುಷ್ಯ ಹುಡುಗನಿಗೆ ಕೊಟ್ಟು, ದೂತನನ್ನು ಅವನಷ್ಟಕ್ಕೆ ಅಪರಿಚಿತನಾಗಿರಲು ಬಿಡಿ. ಆಮೇಲೆ ಕ್ರೈಸ್ತ ಫ್ಯಾಂಟಸಿಗೇ ಮೀಸಲಾದ ಎನ್‌ಕ್ಲೇವ್‌ನಂಥ ಪ್ರಕಾಶನವನ್ನೂ ರೆಲ್ಮ್ ಮೇಕರ್ಸ್ ಲೇಖಕರ ಸಮಾವೇಶವನ್ನೂ ವಿಚಾರಿಸಿ. ಯಾವ ದಾರಿ ಹಿಡಿದರೂ ಏಜೆಂಟರಿಗೆ ಬರೆಯುವ ಮುನ್ನ ಎರಡು ಪುಟದ ಕಥಾಸಾರವನ್ನು, ಕಾದಂಬರಿ ಓದುವ ಅಭ್ಯಾಸವೇ ಇಲ್ಲದ ಒಬ್ಬ ಪಾಸ್ಟರಿಗೆ ತೋರಿಸಿ. ನನ್ನ ಕಥಾಸಾರವನ್ನು ನಾನು ಗೆಳತಿಯರಿಗೆ ಮಾತ್ರ ತೋರಿಸಿದ್ದೆ, ಅವರೆಲ್ಲರೂ ಅಣ್ಣನಿಗಾಗಿ ಅತ್ತರು.